ಅರವತ್ತಮೂರು ಚೌಕ

ಇಟಲಿಯ ಚಿತ್ರಗಾರನಿಗೆ ದೇವರ ಮುಖ ಕಂಡಿತು, ಕಂಡದ್ದರಿಂದಲೇ ಅದನ್ನು ಬರೆಯಲು ಅವನಿಂದ ಆಗಲಿಲ್ಲ ಎಂದು ಆ ಕಾಲದಲ್ಲಿ ಹೊಳೆಯ ಈಚೆ ದಡದವರೆಲ್ಲ ನಂಬಿದ್ದರು.

ಪುರಾವೆ ಆಶ್ರಮದ ಗೋಡೆಯ ಮೇಲಿತ್ತು. ಹಲಗೆಗೆ ಅಂಟಿಸಿದ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಸಣ್ಣ ಚಿತ್ರ. ಒಂದೂವರೆ ಅಡಿ ಅಗಲ, ಎತ್ತರ ಅದಕ್ಕಿಂತ ನಾಲ್ಕು ಅಂಗುಲ ಕಡಿಮೆ. ಒಂದು ಮೇಜು. ಆಚೀಚೆ ಇಬ್ಬರು ಶಿಷ್ಯರು. ನಡುವೆ ಯೇಸು, ಕೈಯಲ್ಲಿ ಮುರಿದ ರೊಟ್ಟಿ. ಮುಖವಿರಬೇಕಾದ ಜಾಗದಲ್ಲಿ ಬರಿಯ ಕಂದು ಬಣ್ಣ.

ಸತ್ತ ಗುರು ಮೂರನೆಯ ದಿನ ಎದ್ದು ಬಂದು ಶಿಷ್ಯರಿಬ್ಬರ ಜೊತೆ ದಾರಿ ನಡೆದನಂತೆ. ಅವರು ಗುರುತು ಹಿಡಿಯಲಿಲ್ಲ. ಸಂಜೆ ಊಟಕ್ಕೆ ಕೂತು ಅವನು ರೊಟ್ಟಿ ಮುರಿದಾಗ ಹಿಡಿದರು. ಚಿತ್ರ ಆ ಗಳಿಗೆಯದು.

ಇದನ್ನು ಬಂದವರಿಗೆಲ್ಲ ವಿವರಿಸುತ್ತಿದ್ದವರು ಭುಜಂಗರಾಯರು. ಶಾಲೆಗಳ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದ ಮೇಲೆ, ತಪಾಸಣೆ ಮಾಡಲು ಬೇರೇನೂ ಇಲ್ಲದೆ, ಆಶ್ರಮಕ್ಕೆ ಬಂದವರು.

ಆಶ್ರಮದ ಗುರುವನ್ನು ಜನ ಅಜ್ಜ ಎನ್ನುತ್ತಿದ್ದರು. ಅವರು ಇಪ್ಪತ್ತು ವರ್ಷದ ಹಿಂದೆ ಎಲ್ಲಿಂದಲೋ ಬಂದು ದಡದಲ್ಲಿ ಒಂದು ಗುಡಿಸಲು ಕಟ್ಟಿ ಕೂತರು. ಕಡಿಮೆ ಮಾತಾಡಿದರು. ಕಡಿಮೆ ಮಾತಾಡುವವರ ಸುತ್ತ ಜನ ಸೇರುತ್ತಾರೆ. ತಾನು ಗುರು ಎಂದು ಅವರು ಯಾವತ್ತೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಎಡ ಹುಬ್ಬಿನ ನಡುವೆ ಕೂದಲು ಹುಟ್ಟದ ಒಂದು ಗೆರೆ ಇತ್ತು. ಅದು ತಪಸ್ಸಿನ ಗುರುತೆಂದು ರಾಯರು.

ಚಿತ್ರ ಮೊದಲು ಅಜ್ಜನ ಅಕ್ಕಿ ಮಡಕೆಯ ಮೇಲಿತ್ತು. ರಾಯರು ಅದನ್ನು ಕಂಡು ಇದೇನು ಎಂದು ಕೇಳಿದ್ದರು.

"ಮುಚ್ಚಳ," ಎಂದಿದ್ದರು ಅಜ್ಜ.

ಆ ಒಂದು ಮಾತಿನ ಮೇಲೆ ರಾಯರು ಮೂರು ಭಾನುವಾರ ಪ್ರವಚನ ಮಾಡಿದರು. ಬರೆದದ್ದು ಯಾರು ಎಂದೂ ಕೇಳಿದ್ದರು. ಅಂಬ್ರೋಜಿಯೋ ಎಂಬ ಇಟಲಿಯವನು, ಆಚೆ ದಡದ ಇಗರ್ಜಿಯ ಕೆಲಸಕ್ಕೆ ಬಂದಿದ್ದ ಎಂದು ಅಜ್ಜ ಹೇಳಿದರು. ಮುಖ ಯಾಕಿಲ್ಲ ಎಂದು ಮಾತ್ರ ರಾಯರು ಕೇಳಲಿಲ್ಲ. ಅದು ಅವರಿಗೆ ಆಗಲೇ ಗೊತ್ತಿತ್ತು.

ಚಿತ್ರದ ಮೇಲೆ ಅಡ್ಡಕ್ಕೂ ಉದ್ದಕ್ಕೂ ತೆಳ್ಳಗಿನ ಗೆರೆಗಳಿದ್ದವು. ರಾಯರು ಚೌಕಗಳನ್ನು ಎಣಿಸಿದರು. ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಏಳು. ಒಟ್ಟು ಅರವತ್ತಮೂರು. ಒಂಬತ್ತು ನವಗ್ರಹ, ಏಳು ಸಪ್ತರ್ಷಿ, ಅರವತ್ತಮೂರು ಪುರಾತನರು. ಮ್ಲೇಚ್ಛನ ಕೈಯಲ್ಲೂ ಯಂತ್ರ ಮೂಡಿತಲ್ಲ ಎಂದು ಅವರಿಗೆ ಕಣ್ಣೀರು ಬಂತು. ಹುಣ್ಣಿಮೆಗೊಮ್ಮೆ ಗೆರೆಗಳು ಕೂಡುವಲ್ಲೆಲ್ಲ ಕುಂಕುಮದ ಬೊಟ್ಟಿಡುವ ಪದ್ಧತಿ ಶುರುವಾಯಿತು. ಅಜ್ಜ ಮಡಕೆಗೆ ಬಾಳೆಯೆಲೆ ಮುಚ್ಚತೊಡಗಿದರು.

ಈ ಚಿತ್ರದ ಸುದ್ದಿ ಕೇಳಿಯೇ ಅಚ್ಯುತ ಬಂದದ್ದು.

ಅಚ್ಯುತ ಪೇಟೆಯಲ್ಲಿ ಬೋರ್ಡು, ಬ್ಯಾನರು ಬರೆಯುತ್ತಿದ್ದವನು. ಹನ್ನೊಂದು ವರ್ಷ ಮಂತ್ರಿಗಳನ್ನೂ ಸಿನಿಮಾ ನಟರನ್ನೂ ಆಳೆತ್ತರ, ಮನೆಯೆತ್ತರ ಬರೆದಿದ್ದ. ಕೈ ಪಳಗಿತ್ತು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೂತರೆ ಮಂಡಿ ಅಲುಗುತ್ತಿತ್ತು.

ಅಜ್ಜನ ಎದುರು ಕೂತು ಅವನು ತನ್ನ ಕಷ್ಟ ಹೇಳಿದ. ಅಪ್ಪ ತೀರಿಕೊಂಡು ಒಂದು ವರ್ಷ. ಅಪ್ಪನ ಒಂದು ಫೋಟೋ ಇಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವರು ನಂಬಿದ್ದರು. ಐವತ್ತೊಂದಕ್ಕೇ ಹೋದರು. ಅಮ್ಮನಿಗೆ ಕಣ್ಣಿನ ನರ ಒಣಗುತ್ತಿದೆ, ದೀಪಾವಳಿಯ ಮೇಲೆ ಏನೂ ಕಾಣದು ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ನಿನ್ನ ಅಪ್ಪನನ್ನು ಒಂದು ಸಲ ನೋಡುತ್ತೇನೆ, ಬರೆದುಕೊಡು ಎಂದು ಅಮ್ಮ ಕೇಳಿದಳು. ಅಕ್ಕನ ಮನೆಯ ಜಗಲಿಯಲ್ಲಿ ಕೂತು ಅವನು ಬರೆದ. ಕುರ್ಚಿ ಬಂತು. ಶಾಲು ಬಂತು. ಕೈ ಬಂತು, ಬೆರಳಿನ ಉಂಗುರ ಸಹ. ಮುಖ ಬರಲಿಲ್ಲ.

"ಎಷ್ಟು ಸಲ ಬರೆದೆ?" ಎಂದು ಅಜ್ಜ ಕೇಳಿದರು.

"ಹದಿನಾಲ್ಕು ಸಲ ಬರೆದು ಒರೆಸಿದೆ. ಮೂಗು ಬರೆದರೆ ಮಂತ್ರಿಯ ಮೂಗಾಗುತ್ತದೆ."

"ಅಪ್ಪನ ಹಾಗೆ ಕಾಣುವವರು ಯಾರಾದರೂ ಉಂಟಾ?"

"ಚಿಕ್ಕಪ್ಪ ಇದ್ದಾರೆ. ಅಚ್ಚು ಒಂದೇ."

"ಅವರನ್ನು ಕೂರಿಸು."

ಅಚ್ಯುತನ ಮುಖ ಗಂಟಾಯಿತು. ಚಿಕ್ಕಪ್ಪ ಕುಡುಕ. ಬೇಲಿಯ ಒಂದು ಹಲಸಿನ ಮರಕ್ಕಾಗಿ ಅಪ್ಪನ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟವರು. ಅಣ್ಣನ ಹೆಣ ಎತ್ತಲಿಕ್ಕೂ ಬರಲಿಲ್ಲ.

"ಆ ಮುಖ ನೋಡಿ ಅಪ್ಪನನ್ನು ಬರೆಯುವುದಾ?"



ಇಟಲಿಯವನಿಗೆ ಕಂಡಂತೆ ತನಗೂ ಕಾಣುವವರೆಗೆ ಚಿತ್ರದ ಮುಂದೆ ಕೂರುತ್ತೇನೆ ಎಂದ ಅಚ್ಯುತ. ಕೂರು ಎಂದರು ಅಜ್ಜ. ಅದು ಜ್ಯೇಷ್ಠ ಮಾಸ.

ಕೂತ. ಅಂದರೆ, ಕೂತು ಎದ್ದು ಕೂತ. ಹೊಳೆಗೆ ಹೋಗಿ ಬಂದು ಕೂತ. ಕಂದು ಜಾಗವನ್ನು ನೋಡುತ್ತ ಅಪ್ಪನ ಮುಖ ನೆನೆಯಲು ಹೋದರೆ ಹಲಸಿನ ಮರ ನೆನಪಾಗುತ್ತಿತ್ತು. ಮೇಜಿನ ಕೆಳಗೆ ಒಂದು ಕಪ್ಪು ಗುಡ್ಡೆ ಇತ್ತು. ಅದೇನು ಎಂದು ರಾಯರನ್ನು ಕೇಳಿದ. ಅದು ಮಾಯೆ, ಜ್ಞಾನಿಯ ಕಾಲ ಬಳಿ ಬಿದ್ದಿದೆ ಎಂದು ರಾಯರು ತಿಳಿಸಿದರು.

ಆಷಾಢದಲ್ಲಿ ಅಕ್ಕನ ಕಾರ್ಡು ಬಂತು. ಅಮ್ಮನಿಗೆ ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಕಾಣುವುದಿಲ್ಲ, ಹತ್ತಿರ ಬಂದರೆ ಕಾಣುತ್ತದೆ ಎಂದು ಬರೆದಿದ್ದಳು. ನೀನು ಎಲ್ಲಿ ಕೂತಿದ್ದೀ ಎಂದೂ ಕೇಳಿದ್ದಳು.

ಅಚ್ಯುತ ಕಾರ್ಡು ಹಿಡಿದುಕೊಂಡು ಅಜ್ಜನ ಬಳಿ ಓಡಿದ. ಅಜ್ಜ ಅಂಗಳ ಗುಡಿಸುತ್ತಿದ್ದರು.

"ಅವನಿಗೆ ಏನು ಕಂಡಿತು, ಅಜ್ಜ?"

"ಯಾರಿಗೆ?"

"ಚಿತ್ರಗಾರನಿಗೆ."

"ಬಣ್ಣ ಒಣಗುವುದಿಲ್ಲ ಅಂತ ಬೈಯುತ್ತಿದ್ದ. ನಮ್ಮ ಮಳೆಗೆ."

ಅಚ್ಯುತ ಇದನ್ನು ರಾಯರಿಗೆ ಹೇಳಿದ. ವಾಸನೆಗಳು ಒಣಗದೆ ದರ್ಶನವಿಲ್ಲ ಎಂದು ಅದರ ಅರ್ಥ ಎಂದರು ರಾಯರು. ಅಚ್ಯುತನಿಗೆ ಸಮಾಧಾನವಾಯಿತು. ಎರಡು ದಿನ ಮಂಡಿ ಕೂಡ ಅಲುಗಲಿಲ್ಲ. ಮೂರನೆಯ ದಿನ ಮತ್ತೆ ಶುರು.

ಆಗ ಇನ್ನೂ ಒಂದು ಸಂಗತಿ ಆಗುತ್ತಿತ್ತು, ಅದನ್ನು ಅವನು ಯಾರಿಗೂ ಹೇಳಲಿಲ್ಲ. ಮುಖವಿಲ್ಲದ ಅಪ್ಪನ ಚಿತ್ರ ಅವನಿಗೆ ಮೆಲ್ಲನೆ ಇಷ್ಟವಾಗತೊಡಗಿತ್ತು. ಆಗದ ಕೆಲಸಕ್ಕೆ ಈಗ ಒಂದು ಗೌರವ ಬಂದಿತ್ತು. ಹೊಸ ಭಕ್ತರು ಬಂದಾಗ ರಾಯರು ಅವನನ್ನು ತೋರಿಸಿ, ಇವನೂ ಮುಖದ ಬಳಿ ನಿಂತವನು ಎನ್ನುತ್ತಿದ್ದರು. ಅಚ್ಯುತ ತಲೆ ತಗ್ಗಿಸುತ್ತಿದ್ದ. ತಗ್ಗಿಸುವುದನ್ನು ಚೆನ್ನಾಗಿ ಕಲಿತಿದ್ದ.

ಶ್ರಾವಣದಲ್ಲಿ ಅಕ್ಕಿ ಮಡಕೆಗೆ ಹಲ್ಲಿ ಬಿತ್ತು.

ಅಜ್ಜ ಹಲ್ಲಿ ಎಸೆದರು, ಅಕ್ಕಿ ಚೆಲ್ಲಿದರು, ಮಡಕೆ ತೊಳೆದು ಒಣಗಿಸಿ ಹೊಸ ಅಕ್ಕಿ ತುಂಬಿದರು. ಆಮೇಲೆ ಪ್ರಾರ್ಥನೆಯ ಕೋಣೆಗೆ ಬಂದು, ಕಣ್ಣು ಮುಚ್ಚಿ ಕೂತಿದ್ದ ಒಂಬತ್ತು ಜನರ ತಲೆಯ ಮೇಲಿಂದ ಕೈ ಚಾಚಿ ಚಿತ್ರವನ್ನು ಮೊಳೆಯಿಂದ ಇಳಿಸಿ, ಹೊರಗೆ ತೆಗೆದುಕೊಂಡು ಹೋಗಿ ಮಡಕೆಯ ಮೇಲಿಟ್ಟರು. ಸರಿಯಾಗಿ ಕೂತಿತು.

ಇದು ಪರೀಕ್ಷೆ ಎಂದರು ರಾಯರು. ಅಜ್ಜ ಸ್ನಾನಕ್ಕೆ ಹೋದ ಹೊತ್ತಿಗೆ ಚಿತ್ರ ಎತ್ತಿಕೊಂಡು ಬಂದು ಅಚ್ಯುತನ ಕೈಗೆ ಕೊಟ್ಟರು. ಅಕ್ಕಿಯ ಧೂಳು ಹತ್ತಿದೆ, ನೀನು ಬಣ್ಣ ಬಲ್ಲವನು, ಮೆಲ್ಲಗೆ ಒರೆಸು.

ಅಚ್ಯುತ ಹಳೆಯ ಪಂಚೆಯ ತುಂಡಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸತೊಡಗಿದ. ಅಕ್ಕಿಯ ಧೂಳು ಹೋಯಿತು. ಅದರ ಜೊತೆಗೆ ಕುಂಕುಮವೂ ಎದ್ದು ಬಂತು. ವರ್ಷಗಳ ಕುಂಕುಮ, ಒಂದರ ಮೇಲೊಂದು ಪದರ. ಅದರಡಿಯಲ್ಲಿ ಗೆರೆ.

ಸೀಸದ ಕಡ್ಡಿಯ ಗೆರೆ. ಒಂದು ಕಡೆ ಅಡ್ಡಪಟ್ಟಿ ಜಾರಿ ಎರಡು ಸಲ ಎಳೆದದ್ದು. ಅಂಚಿನಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿ. ಬದಿಯಲ್ಲಿ ಒಂದರಿಂದ ಏಳು.

ಅವನ ಕೈ ನಿಂತಿತು.

ಈ ಗೆರೆ ಅವನಿಗೆ ಗೊತ್ತಿತ್ತು. ಹನ್ನೊಂದು ವರ್ಷ ದಿನವೂ ಇದನ್ನೇ ಎಳೆದಿದ್ದ. ಅಂಗೈಯಗಲದ ಫೋಟೋವನ್ನು ಮನೆಯೆತ್ತರದ ಬಟ್ಟೆಗೆ ಏರಿಸಬೇಕಾದರೆ ಫೋಟೋ ಮೇಲೆ ಚೌಕ ಹಾಕುತ್ತಾರೆ, ಬಟ್ಟೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕುತ್ತಾರೆ, ಆಮೇಲೆ ಒಂದೊಂದೇ ಚೌಕ ನೋಡಿಕೊಂಡು ಬರೆಯುತ್ತಾರೆ. ಬಸ್‌ಸ್ಟ್ಯಾಂಡಿನ ಎದುರಿನ ಬ್ಯಾನರಿಗೂ ಇದೇ ಉಪಾಯ. ಪೇಟೆಯಲ್ಲಿ ಕಂಡಿದ್ದರೆ ಒಂದು ಕ್ಷಣದಲ್ಲಿ ಗುರುತಿಸುತ್ತಿದ್ದ. ಇಲ್ಲಿ ಯಂತ್ರ ಎಂದು ಹೇಳಿಕೊಟ್ಟ ಮೇಲೆ ನೋಡಿದ್ದ.

ಚೌಕ ಹಾಕಿದ್ದಾರೆ ಎಂದರೆ ದೊಡ್ಡದು ಇರಲೇಬೇಕು.

ಅವನು ಹೊಳೆಗೆ ಇಳಿದ. ಅಜ್ಜ ಸೊಂಟದವರೆಗೆ ನೀರಿನಲ್ಲಿ ನಿಂತು ಪಂಚೆ ಹಿಂಡುತ್ತಿದ್ದರು.

"ಅಜ್ಜ, ದೊಡ್ಡದು ಎಲ್ಲಿದೆ?"

ಅಜ್ಜ ಅವನನ್ನು ನೋಡಿದರು. ಮೂರು ತಿಂಗಳಲ್ಲಿ ಮೊದಲ ಸಲ ಸರಿಯಾಗಿ ನೋಡಿದರೆಂದು ಅಚ್ಯುತನಿಗೆ ಅನ್ನಿಸಿತು.

"ಹನ್ನೊಂದಕ್ಕೆ ಒಂದು ದೋಣಿ ಉಂಟು," ಎಂದರು.

ಆಶ್ರಮದಿಂದ ಯಾರೂ ಆಚೆ ದಡಕ್ಕೆ ಹೋದವರಿರಲಿಲ್ಲ. ನಿಷೇಧವೇನೂ ಇರಲಿಲ್ಲ. ಆಚೆ ದಡದ ದೇವರು ಆಚೆ ದಡದವರಿಗೆ ಎಂದುಕೊಂಡಿದ್ದರು, ಅಷ್ಟೆ. ದಾಟಲು ಕಾಲು ಗಂಟೆ ಸಾಕು.

ಇಗರ್ಜಿಯ ಕೀಲಿ ಪಾಸ್ಕಾಲಾ ಬಾಯಿ ಎಂಬ ಮುದುಕಿಯ ಸೊಂಟದಲ್ಲಿತ್ತು. ಈಚೆ ದಡದವನು ಯಾಕೆ ಬಂದ ಎಂದು ಅವಳು ಅಚ್ಯುತನನ್ನು ಮೇಲಿಂದ ಕೆಳಗೆ ನೋಡಿದಳು. ಚಿತ್ರ ನೋಡಬೇಕು ಎಂದದ್ದಕ್ಕೆ, ಚಪ್ಪಲಿ ಬಿಡು, ನಾಯಿ ಒಳಗೆ ಬಿಡಬೇಡ ಎಂದು ಬಾಗಿಲು ತೆಗೆದಳು.

ನಾಯಿ ಒಳಗೇ ಇತ್ತು. ಮೇಜಿನ ಕೆಳಗೆ, ಕಪ್ಪು ನಾಯಿ, ಮೂಗು ಮುಂಗಾಲಿನ ಮೇಲೆ. ರಾಯರ ಮಾಯೆ.

ಚಿತ್ರ ಬಲಿಪೀಠದ ಹಿಂದಿನ ಗೋಡೆಯನ್ನು ಪೂರ್ತಿ ತುಂಬಿತ್ತು. ಅದೇ ಮೇಜು, ಅದೇ ಇಬ್ಬರು ಶಿಷ್ಯರು, ಅದೇ ಮುರಿದ ರೊಟ್ಟಿ. ನಡುವೆ ಯೇಸು. ಯೇಸುವಿಗೆ ಮುಖ ಇತ್ತು.

ಇಪ್ಪತ್ತೈದರ ಆಸುಪಾಸಿನ ಗಂಡಸು. ಅಗಲ ದವಡೆ, ಸಣ್ಣ ಗಡ್ಡ. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೆರೆ.

ಅಚ್ಯುತ ಬಹಳ ಹೊತ್ತು ನಿಂತ. ಅವನ ಕಾಲು ಅಲುಗಲಿಲ್ಲ.

"ಚೆನ್ನಾಗಿದೆ, ಅಲ್ಲವಾ?" ಎಂದಳು ಪಾಸ್ಕಾಲಾ ಬಾಯಿ. "ನನ್ನ ಅಮ್ಮ ಸಾಯುವವರೆಗೂ ಈ ಕಡೆ ತಿರುಗಿ ಮೊಣಕಾಲೂರಲಿಲ್ಲ. ಬಿಷಪ್ಪರು ಬಂದು ಮಂತ್ರಿಸಿದ ಮೇಲೂ."

"ಯಾಕೆ?"

"ಅವಳಿಗೆ ಗುರುತಿತ್ತಲ್ಲ. ಅವನು ಸುಣ್ಣದ ಐತಪ್ಪ. ಇದೇ ಗೋಡೆಗೆ ಸುಣ್ಣ ಕಲಸುತ್ತಿದ್ದವನು. ಚಿತ್ರಗಾರನಿಗೆ ಎದುರಿಗೆ ಕೂರಲು ಒಬ್ಬ ಬೇಕಿತ್ತು, ಕೈಗೆ ಸಿಕ್ಕಿದ್ದು ಅವನು. ಕಳ್ಳಿನ ಗಡಂಗಿನ ಮೆಟ್ಟಿಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡಿದ್ದ. ಆ ಇಟಲಿಯವನು ಅದನ್ನೂ ಬಿಡಲಿಲ್ಲ ನೋಡು, ಹಾಗೇ ಬರೆದ."

ಐತಪ್ಪ ಈಗ ಎಲ್ಲಿ ಎಂದು ಅಚ್ಯುತ ಕೇಳಿದ. ಬೊಂಬಾಯಿಗೆ ಹೋದ ಎಂದರು, ಹಡಗಿನಲ್ಲಿ ಹೋದ ಎಂದರು, ಸತ್ತ ಎಂದೂ ಹೇಳಿದರು ಎಂದಳು ಅವಳು. ತಾನು ಆಗ ಲಂಗ ಹಾಕುತ್ತಿದ್ದ ಹುಡುಗಿ. ಮನೆಯಲ್ಲಿ ತುಂಟತನ ಮಾಡಿದರೆ ಐತಪ್ಪನಿಗೆ ಕೊಟ್ಟು ಮದುವೆ ಮಾಡುತ್ತೇವೆ ಎಂದು ಹೆದರಿಸುತ್ತಿದ್ದರು.

"ಈಗ ಎಲ್ಲರೂ ಕೈ ಮುಗಿಯುತ್ತಾರೆ," ಎಂದಳು. "ನಾನೂ ಮುಗಿಯುತ್ತೇನೆ. ಗುರುತಿದ್ದವರೆಲ್ಲ ಹೋದರು."

ಮೂರರ ದೋಣಿಗೆ ಅಚ್ಯುತ ವಾಪಸು ಬಂದ. ದಡದಲ್ಲಿ ರಾಯರು ಕಾಯುತ್ತಿದ್ದರು. ಒರೆಸಿದ ಚಿತ್ರವನ್ನು ಅವರು ಮತ್ತೆ ಮೊಳೆಗೆ ಹಾಕಿ, ಹೊಸ ಕುಂಕುಮ ಕಲಸಿಟ್ಟಿದ್ದರು. ಆಚೆ ಏನು ನೋಡಿದೆ ಎಂದು ಕೇಳಿದರು. ನಾಯಿ ಎಂದ ಅಚ್ಯುತ. ರಾಯರು ಕಣ್ಣು ಮುಚ್ಚಿ ಅದನ್ನು ಮನನ ಮಾಡಿದರು.

ಅವನು ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದ. ಕುಂಚದ ಪೊಟ್ಟಣ ಹಾಗೇ ಕಟ್ಟಿಟ್ಟಿತ್ತು, ಮೂರು ತಿಂಗಳಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಅಜ್ಜನ ಬಳಿ ಬಂದ.

ಅಜ್ಜ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ನೋಡಿದೆಯಾ?"

"ನೋಡಿದೆ. ಮುಖ ಇದೆ."

"ಇರಬೇಕು."

"ನಿಮ್ಮ ಮುಖ."

ಅಜ್ಜ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

"ಗಡ್ಡ ಇರಲಿಲ್ಲ. ಅದು ಅವನು ಸೇರಿಸಿದ್ದು."

"ಅಲ್ಲಿಯವರು ನಿಮ್ಮ ಕುಡಿತದ ಕಥೆ ಹೇಳಿದರು."

"ಕಡಿಮೆ ಹೇಳಿರುತ್ತಾರೆ."

ಅಚ್ಯುತನಿಗೆ ಸಿಟ್ಟು ಬಂತು. ಮೂರು ತಿಂಗಳು ಕಂದು ಬಣ್ಣ ನೋಡುತ್ತ ಕೂತಿದ್ದೇನೆ, ಅಮ್ಮನ ಕಣ್ಣು ಅಲ್ಲಿ ಮುಗಿಯುತ್ತಿದೆ, ಇದನ್ನು ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಯಾರೂ ಕೇಳಲಿಲ್ಲ," ಎಂದರು ಅಜ್ಜ. "ಎಲ್ಲರೂ ಅರ್ಥ ಕೇಳಿದರು. ಅರ್ಥ ನನ್ನ ಹತ್ತಿರ ಇರಲಿಲ್ಲ. ರಾಯರ ಹತ್ತಿರ ಇತ್ತು."

"ಆ ಸಣ್ಣ ಚಿತ್ರವನ್ನು ನಿಮಗೆ ಚಿತ್ರಗಾರನೇ ಕೊಟ್ಟನಾ?"

"ದೊಡ್ಡದು ಮುಗಿದ ಮೇಲೆ ಸಣ್ಣದನ್ನು ಕಸಕ್ಕೆ ಹಾಕಿದ್ದ. ಹಲಗೆ ಗಟ್ಟಿ ಇತ್ತು. ನಾನು ಎತ್ತಿಕೊಂಡೆ."

ಪೇಟೆಯ ಬಸ್ಸು ನಾಲ್ಕೂವರೆಗೆ. ಅಚ್ಯುತ ಹೊರಡಬೇಕಿತ್ತು. ಹೊರಟರೆ ಮಾಡಬೇಕಾದದ್ದೂ ಗೊತ್ತಿತ್ತು. ಚಿಕ್ಕಪ್ಪನ ಮನೆಯ ಬಾಗಿಲು ತಟ್ಟಬೇಕು. ಹದಿಮೂರು ವರ್ಷದಿಂದ ತನ್ನ ಮನೆಯವರು ತಟ್ಟದ ಬಾಗಿಲು. ಬಂದು ಅಕ್ಕನ ಜಗಲಿಯಲ್ಲಿ ಅಪ್ಪನ ಶಾಲು ಹೊದ್ದು ನಾಲ್ಕು ದಿನ ಕೂತುಕೊಳ್ಳಿ ಎಂದು ಕೇಳಬೇಕು. ಬೆಳಿಗ್ಗೆಯೇ ಕೇಳಬೇಕು, ಗಡಂಗು ತೆರೆಯುವ ಮೊದಲು.

ಕಾಲು ಮತ್ತೆ ತಡವರಿಸಿತು. ಹುಲ್ಲುಕಡ್ಡಿಯಂಥ ಒಂದು ಆಸೆ ಇನ್ನೂ ಉಳಿದಿತ್ತು, ಅದನ್ನು ಹಿಡಿದುಕೊಂಡ.

ದೊಡ್ಡ ಚಿತ್ರಕ್ಕೆ ಇಟಲಿಯವನು ಮುಖ ಬರೆದದ್ದು ನಿಜ, ಬಿಷಪ್ಪರಿಗೆ ಬೇಕಿತ್ತು, ಬರೆದ. ಆದರೆ ಮೊದಲು ಬರೆದದ್ದು ಸಣ್ಣದು. ಶಿಷ್ಯರ ಮುಖ ಇದೆ. ರೊಟ್ಟಿ ಇದೆ. ನಾಯಿ ಕೂಡ ಇದೆ. ನಡುವಿನ ಒಂದೇ ಮುಖವನ್ನು ಬಿಟ್ಟು ಕುಂಚ ಕೆಳಗಿಟ್ಟಿದ್ದಾನೆ ಎಂದರೆ, ಆ ಗಳಿಗೆಯಲ್ಲಿ ಏನೋ ಆಗಿರಲೇಬೇಕು. ಅಜ್ಜನ ಬಾಯಿಂದ ಅಂಥದ್ದೊಂದು ಮಾತು ಬಂದರೆ ಚೀಲ ಇಳಿಸಿ ಮತ್ತೆ ಕೂರಲು ಅವನು ತಯಾರಿದ್ದ.

"ಅಜ್ಜ, ಸಣ್ಣದರಲ್ಲಿ ಮುಖ ಯಾಕಿಲ್ಲ?"

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ.

ಅಜ್ಜ ಮೊರ ಕೆಳಗಿಟ್ಟರು.

"ಆ ದಿನ ನನಗೆ ಹಲ್ಲುನೋವು. ಕೆನ್ನೆ ಊದಿತ್ತು. ಕೂರಲಿಕ್ಕೆ ಹೋಗಲಿಲ್ಲ."